ಮೊದಲು ತಪಾಸಣೆ, ಆಮೇಲೆ ಮೈಗ್ರೇಷನ್

ಕಲಬುರಗಿಯಲ್ಲಿ ಸೇರಿದ ಸಾಫ್ಟ್‌ವೇರ್ ವೃತ್ತಿನಿರತರ ಸಮ್ಮೇಳನದ ಅಧ್ಯಕ್ಷ ಭಾಷಣ



ದೊಡ್ಡ ಸಂಸ್ಥೆಯೊಂದು ಹಳೆಯ ವ್ಯವಸ್ಥೆಯಿಂದ ಹೊಸದಕ್ಕೆ ಹೋಗುವ ಮೊದಲು, ತನ್ನ ಕೋಡ್‌ನಲ್ಲಿ ಕಾಲ ಮೀರಿದ ಫಂಕ್ಷನ್‌ಗಳು ಎಷ್ಟಿವೆ, ಎಲ್ಲಿವೆ, ಯಾರು ಬಳಸುತ್ತಿದ್ದಾರೆ ಎಂದು ಲೆಕ್ಕ ಹಾಕಬೇಕು. ಹಾಕುತ್ತಿಲ್ಲ. ಈ ಭಾಷಣದ ತುಂಬ ಇರುವುದು ಈ ಒಂದೇ ಮಾತು.

ಈ ಸೀಮೆಗೆ ಮೈಗ್ರೇಷನ್ ಹೊಸದೇನಲ್ಲ. 2014ರ ನವೆಂಬರ್ 1ರಂದು ಗುಲ್ಬರ್ಗ ಕಲಬುರಗಿಯಾಯಿತು. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ಕಲಬುರಗಿಯಲ್ಲೇ ಪ್ರಧಾನ ಕಚೇರಿ ಹೊಂದಿದ್ದ ಕೃಷ್ಣಾ ಗ್ರಾಮೀಣ ಬ್ಯಾಂಕ್ 2013ರಲ್ಲಿ ಪ್ರಗತಿ ಕೃಷ್ಣಾ ಆಯಿತು, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕಿನೊಳಗೆ ಸೇರಿತು. 2025ರ ಮೇ 1ರಂದು ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕೂ ಅದರೊಂದಿಗೆ ಕೂಡಿತು. ಹೋಬಳಿಯಾಗಿದ್ದ ಕಮಲಾಪುರ 2018ರಲ್ಲಿ ತಾಲ್ಲೂಕಾಯಿತು. ಈಶಾನ್ಯ ಸಾರಿಗೆ ಸಂಸ್ಥೆ 2021ರಲ್ಲಿ ಕಲ್ಯಾಣ ಕರ್ನಾಟಕ ಸಾರಿಗೆ ನಿಗಮವಾಯಿತು. ಪತ್ರಿಕೆಗಳಿಗೆ ಇವೆಲ್ಲ ಹೆಸರು ಬದಲಾವಣೆಯ ಸುದ್ದಿಗಳು. ಸರ್ವರ್ ಕೋಣೆಯಲ್ಲಿ ಕುಳಿತವರಿಗೆ ಒಂದೊಂದೂ ತಿಂಗಳುಗಟ್ಟಲೆ ಕೆಲಸ.

ಒಂದು ಉದಾಹರಣೆ ಸಾಕು. ಹೈದರಾಬಾದ್ ಬ್ಯಾಂಕಿನ ಶಾಖೆಗಳ ಐಎಫ್‌ಎಸ್‌ಸಿ ಸಂಕೇತ 'ಎಸ್‌ಬಿಎಚ್‌ವೈ' ಎಂಬ ನಾಲ್ಕು ಅಕ್ಷರಗಳಿಂದ ಆರಂಭವಾಗುತ್ತಿತ್ತು. ವಿಲೀನದ ನಂತರ ಅದು 'ಎಸ್‌ಬಿಐಎನ್' ಆಯಿತು. ಸಂಬಳದ ಸಾಫ್ಟ್‌ವೇರ್‌ನ ಒಳಗೆ, ಮೊದಲ ನಾಲ್ಕು ಅಕ್ಷರ ನೋಡಿ ಬ್ಯಾಂಕ್ ಯಾವುದೆಂದು ತೀರ್ಮಾನಿಸುವ ಸಣ್ಣ ಫಂಕ್ಷನ್ ಒಂದಿದ್ದರೆ, ಅಂದಿನಿಂದ ಅದು ಕಾಲ ಮೀರಿದ ಫಂಕ್ಷನ್. ಅದಕ್ಕೆ ತುಕ್ಕು ಹಿಡಿಯುವುದಿಲ್ಲ, ಅದು ಸದ್ದು ಮಾಡುವುದಿಲ್ಲ. ಸಂಬಳ ಖಾತೆಗೆ ಬೀಳದ ದಿನ ಮಾತ್ರ ಅದು ಇದೆಯೆಂದು ಗೊತ್ತಾಗುತ್ತದೆ.

ಇಂಥ ಫಂಕ್ಷನ್‌ಗಳು ನಾಲ್ಕು ಬಗೆ. ಒಂದೊಂದಕ್ಕೂ ತಪಾಸಣೆಯ ದಾರಿ ಬೇರೆ.

ಮೊದಲನೆಯದು, ಹೊಸ ಆವೃತ್ತಿಯಲ್ಲಿ ಪೂರ್ತಿ ತೆಗೆದುಹಾಕಿದ್ದು. ಪಿಎಚ್‌ಪಿ ಭಾಷೆಯ ಹಳೆಯ 'ಮೈಎಸ್‌ಕ್ಯುಎಲ್_ಕನೆಕ್ಟ್' ಫಂಕ್ಷನ್ ಬಳಸಬೇಡಿ ಎಂಬ ಎಚ್ಚರಿಕೆ 2013ರ 5.5 ಆವೃತ್ತಿಯಲ್ಲೇ ಬಂದಿತ್ತು. 2015ರ ಡಿಸೆಂಬರ್‌ನಲ್ಲಿ ಬಂದ 7.0ರಲ್ಲಿ ಅದು ಇರಲೇ ಇಲ್ಲ. ಒರಾಕಲ್‌ನ 'ಡಬ್ಲ್ಯುಎಂ_ಕಾನ್‌ಕ್ಯಾಟ್' ಕಥೆ ಇನ್ನೂ ಕಷ್ಟದ್ದು. ಹಲವು ಸಾಲುಗಳನ್ನು ಅಲ್ಪವಿರಾಮ ಹಾಕಿ ಒಂದೇ ಸಾಲಾಗಿಸುವ ಆ ಫಂಕ್ಷನ್ ಕಂಪನಿಯ ಕೈಪಿಡಿಯಲ್ಲಿ ಎಂದೂ ಇರಲಿಲ್ಲ. ಆದರೂ ಪ್ರೋಗ್ರಾಮರ್‌ಗಳು ಒಬ್ಬರಿಂದೊಬ್ಬರು ಕಲಿತು ರಿಪೋರ್ಟ್‌ಗಳಲ್ಲೆಲ್ಲ ಬಳಸಿದರು. 12ಸಿ ಆವೃತ್ತಿಯಲ್ಲಿ ಅದು ಮಾಯವಾಯಿತು. ಕೈಪಿಡಿಯಲ್ಲೇ ಇಲ್ಲದ್ದನ್ನು 'ತೆಗೆದುಹಾಕಿದ್ದೇವೆ' ಎಂಬ ಪಟ್ಟಿಯಲ್ಲಿ ಹುಡುಕಿದರೆ ಎಲ್ಲಿ ಸಿಗಬೇಕು? ಕೋಡ್‌ನೊಳಗೇ ಹುಡುಕಬೇಕು.

ಎರಡನೆಯದು, ಇನ್ನೂ ಇದೆ, ಆದರೆ ಹೆಚ್ಚು ದಿನ ಇರುವುದಿಲ್ಲ. ಈ ಜಿಲ್ಲೆಯ ಸಿಮೆಂಟ್ ಉದ್ಯಮದಂಥ ದೊಡ್ಡ ಉದ್ಯಮಗಳ ಲೆಕ್ಕಪತ್ರ ನಡೆಯುವುದು ಸ್ಯಾಪ್ ಮಾದರಿಯ ಸಾಫ್ಟ್‌ವೇರ್‌ಗಳ ಮೇಲೆ. ಸ್ಯಾಪ್‌ನ ಹಳೆಯ ಇಸಿಸಿ ವ್ಯವಸ್ಥೆಗೆ ಕಂಪನಿಯ ಮುಖ್ಯ ನಿರ್ವಹಣೆ 2027ರ ಕೊನೆಗೆ ನಿಲ್ಲುತ್ತದೆ. ಹೊಸ ಎಸ್/4 ಹಾನಾದಲ್ಲಿ ಸರಕಿನ ಸಂಖ್ಯೆಯ ಉದ್ದ 18ರಿಂದ 40 ಅಕ್ಷರಕ್ಕೆ ಬೆಳೆದಿದೆ. ಉಗ್ರಾಣದ ಚಲನವಲನ ಬರೆದಿಡುತ್ತಿದ್ದ ಎರಡು ಹಳೆಯ ಟೇಬಲ್‌ಗಳ ಜಾಗದಲ್ಲಿ 'ಮ್ಯಾಟ್‌ಡಾಕ್' ಎಂಬ ಒಂದೇ ಟೇಬಲ್ ಬಂದಿದೆ. ಹಳೆಯ ಟೇಬಲ್ ಓದುವ ಕೋಡ್ ಹೇಗೋ ನಡೆಯುತ್ತದೆ, ನೇರವಾಗಿ ಬರೆಯುವ ಕೋಡ್ ತಿದ್ದಲೇಬೇಕು.

ಮೂರನೆಯದು ಎಲ್ಲಕ್ಕಿಂತ ಅಪಾಯದ್ದು: ಹೆಸರು ಅದೇ, ವರ್ತನೆ ಬೇರೆ. ಪಿಎಚ್‌ಪಿ 7ರವರೆಗೆ ಸೊನ್ನೆಯನ್ನು ಒಂದು ಸಾಮಾನ್ಯ ಪದದೊಂದಿಗೆ ಹೋಲಿಸಿದರೆ ಎರಡೂ ಸಮ ಎಂಬ ಉತ್ತರ ಬರುತ್ತಿತ್ತು. 8ರಲ್ಲಿ ಸಮವಲ್ಲ ಎಂದು ಬರುತ್ತದೆ. ದೋಷದ ಸಂದೇಶವಿಲ್ಲ, ಕೆಂಪು ಅಕ್ಷರವಿಲ್ಲ. ಉತ್ತರ ಬದಲಾಗಿರುತ್ತದೆ, ಅಷ್ಟೇ.

ನಾಲ್ಕನೆಯದು ಸತ್ತು ಬಿದ್ದ ಫಂಕ್ಷನ್. ಯಾರೂ ಕರೆಯುವುದಿಲ್ಲ, ಯಾರೂ ತೆಗೆದುಹಾಕುವುದೂ ಇಲ್ಲ. ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟು ಕಂಪನಿಯಲ್ಲಿ 'ಪವರ್ ಪೆಗ್' ಎಂಬ ಫಂಕ್ಷನ್ 2003ರಿಂದ ಬಳಕೆಯಲ್ಲಿರಲಿಲ್ಲ. 2012ರಲ್ಲಿ ಹೊಸ ಕೋಡ್ ಬರೆದವರು, ಅದನ್ನು ಚಾಲೂ ಮಾಡುತ್ತಿದ್ದ ಹಳೆಯ ಗುರುತನ್ನೇ ಹೊಸ ಕೆಲಸಕ್ಕೆ ಬಳಸಿಕೊಂಡರು. ಎಂಟು ಸರ್ವರ್‌ಗಳಲ್ಲಿ ಒಂದಕ್ಕೆ ಹೊಸ ಕೋಡ್ ಹಾಕುವುದು ಬಿಟ್ಟುಹೋಯಿತು. ಆಗಸ್ಟ್ 1ರ ಬೆಳಿಗ್ಗೆ ಮಾರುಕಟ್ಟೆ ತೆರೆದಾಗ ಆ ಒಂದು ಸರ್ವರ್‌ನಲ್ಲಿ ಸತ್ತ ಫಂಕ್ಷನ್ ಎದ್ದು ಕುಳಿತು, ನಿಲ್ಲದೆ ಆರ್ಡರ್ ಕಳಿಸತೊಡಗಿತು. ಸುಮಾರು 45 ನಿಮಿಷದಲ್ಲಿ ಆದ ನಷ್ಟ 46 ಕೋಟಿ ಡಾಲರ್‌ಗೂ ಹೆಚ್ಚು. ಬಳಕೆಯಲ್ಲಿಲ್ಲದ ಫಂಕ್ಷನ್‌ಗಳ ಪಟ್ಟಿ ಮಾಡಿ ಕಿತ್ತುಹಾಕಿದ್ದರೆ ಅಂದು ಏಳಲು ಅಲ್ಲಿ ಏನೂ ಇರುತ್ತಿರಲಿಲ್ಲ.

ಕನ್ನಡದಲ್ಲಿ ಕೆಲಸ ಮಾಡುವ ಕಚೇರಿಗಳಿಗೆ ಇನ್ನೂ ಒಂದು ತೊಡಕಿದೆ, ಬೇರೆ ಊರಿನ ವೆಂಡರ್‌ಗಳಿಗೆ ಅದು ಹೊಳೆಯುವುದೇ ಇಲ್ಲ. ಹಳೆಯ ನುಡಿ ಫಾಂಟ್‌ನಲ್ಲಿ ಬೆರಳಚ್ಚಾದ ಕನ್ನಡ ಕಂಪ್ಯೂಟರಿನ ಪಾಲಿಗೆ ಕನ್ನಡವಲ್ಲ, ರೋಮನ್ ಅಕ್ಷರಗಳ ಸಾಲು. ಅಲ್ಲಿ ದೊಡ್ಡ ಅಕ್ಷರ, ಸಣ್ಣ ಅಕ್ಷರ ಎರಡೂ ಬೇರೆ ಬೇರೆ ಕನ್ನಡ ಆಕೃತಿಗಳು. ಇಂಗ್ಲಿಷ್ ಹೆಸರುಗಳಿಗೆಂದು ಬರೆದ 'ಅಪ್ಪರ್' ಫಂಕ್ಷನ್ ಆ ದತ್ತಾಂಶದ ಮೇಲೆ ಹಾದುಹೋದರೆ 'ಡ' ಇದ್ದಲ್ಲಿ ಬೇರೆ ಅಕ್ಷರ ಬಂದು ಕೂರುತ್ತದೆ, ರೈತನ ಹೆಸರು ಓದಲಾಗದಂತೆ ಕೆಡುತ್ತದೆ. ಯೂನಿಕೋಡ್‌ಗೆ ಬಂದ ಮೇಲೆ ಉದ್ದದ ಪ್ರಶ್ನೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. 'ಕಲಬುರಗಿ' ಕಣ್ಣಿಗೆ ಐದಕ್ಷರ, ಸಂಕೇತಗಳು 7, ಬೈಟ್‌ಗಳು 21. 'ಕಮಲಾಪುರ' ಕೂಡ ಹಾಗೆಯೇ: ಐದಕ್ಷರ, 7 ಸಂಕೇತ, 21 ಬೈಟ್. ಊರ ಹೆಸರಿಗೆ 20 ಬೈಟ್ ಮೀಸಲಿಟ್ಟು, ಉಳಿದದ್ದನ್ನು ಕತ್ತರಿಸುವ ಹಳೆಯ ಫಂಕ್ಷನ್ ಇದ್ದರೆ ಈ ಎರಡೂ ಊರುಗಳ ಕೊನೆಯ ಸಂಕೇತ ಒಡೆದುಹೋಗುತ್ತದೆ. ಜಿಲ್ಲೆಯ ಹೆಸರೇ ಹಿಡಿಸದ ಕಾಲಂ ಇಟ್ಟುಕೊಂಡು ಯಾರ ದಾಖಲೆ ಸಾಗಿಸುವುದು?

ತಾಲ್ಲೂಕಿನ ಪಟ್ಟಿಯನ್ನು ಕೋಡ್‌ನೊಳಗೇ ಬರೆದಿಟ್ಟ ಫಂಕ್ಷನ್‌ಗಳದೂ ಇದೇ ಹಾಡು. ಅವು ಕಮಲಾಪುರವನ್ನು ಇನ್ನೂ ಕಲಬುರಗಿ ತಾಲ್ಲೂಕಿನ ಹೋಬಳಿ ಎಂದೇ ನಂಬಿರುತ್ತವೆ. ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ. ಆ ಬಾಳೆ ಬೆಳೆದ ರೈತ ಅರ್ಜಿ ತುಂಬುವಾಗ ತಾಲ್ಲೂಕಿನ ಪಟ್ಟಿಯಲ್ಲಿ ಕಮಲಾಪುರ ಸಿಗದಿದ್ದರೆ ಆ ಮಾನ್ಯತೆಯಿಂದ ಅವನಿಗೇನು ಬಂತು?

ಇಷ್ಟೆಲ್ಲ ಹುಡುಕಲು ಉಪಕರಣಗಳಿಲ್ಲವೇ? ಇವೆ. ಜಾವಾಕ್ಕೆ 'ಜೆಡೆಪ್ರ್‌ಸ್ಕ್ಯಾನ್' ಇದೆ, ಸ್ಯಾಪ್‌ಗೆ 'ಅಬಾಪ್ ಟೆಸ್ಟ್ ಕಾಕ್‌ಪಿಟ್' ಇದೆ, ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಹಳತಾದ ಸೌಲಭ್ಯ ಎಷ್ಟು ಬಾರಿ ಬಳಕೆಯಾಯಿತೆಂದು ಎಣಿಸುವ ಕೌಂಟರ್ ಇದೆ. ಆದರೆ ಟೇಬಲ್‌ನಲ್ಲಿ ಬರೆದಿಟ್ಟ ಹೆಸರನ್ನು ಓದಿ ಚಾಲನೆಯ ವೇಳೆಯಲ್ಲಿ ಕರೆಯುವ ಫಂಕ್ಷನ್, ಕೋಡ್ ಓದುವ ಉಪಕರಣಕ್ಕೆ ಕಾಣುವುದಿಲ್ಲ. ಎಕ್ಸೆಲ್ ಮ್ಯಾಕ್ರೊ ಕಾಣುವುದಿಲ್ಲ. ರಾತ್ರಿ ಎರಡಕ್ಕೆ ಓಡುವ ಬ್ಯಾಚ್ ಜಾಬ್ ಕಾಣುವುದಿಲ್ಲ. ಮೂರು ವಾರದ ಲಾಗ್ ನೋಡಿ 'ಈ ಫಂಕ್ಷನ್ ಯಾರಿಗೂ ಬೇಡ' ಎನ್ನುವವರು ಇಲ್ಲಿನ ವರ್ಷದ ಲಯ ತಿಳಿಯದವರು. ಕಲಬುರಗಿ ತೊಗರಿಯ ನಾಡು. ಡಿಸೆಂಬರ್-ಜನವರಿಯ ರಾಶಿಯ ಕಾಲದಲ್ಲಿ ಎಪಿಎಂಸಿ, ದಾಲ್‌ಮಿಲ್, ಖರೀದಿ ಕೇಂದ್ರಗಳಲ್ಲಿ ಎಚ್ಚರವಾಗುವ ಕೋಡ್ ಜುಲೈನಲ್ಲಿ ಮಲಗಿರುತ್ತದೆ. ಮಾರ್ಚ್ 31ರ ಕೋಡ್ ವರ್ಷಕ್ಕೊಮ್ಮೆ ಮಾತ್ರ ಏಳುತ್ತದೆ. ಕಣ ಸಾರಿಸದೆ ರಾಶಿ ಹಾಕುವ ರೈತ ಈ ಸೀಮೆಯಲ್ಲಿ ಇಲ್ಲ. ತಪಾಸಣೆ ಇಲ್ಲದೆ ಡೇಟಾ ಸುರಿಯುವ ಕಚೇರಿಗಳು ಬೇಕಾದಷ್ಟಿವೆ.

ಕೇಳಿದರೆ ಬರುವ ಉತ್ತರ ಒಂದೇ: "ನಡೀಲತ್ತದಲ್ರೀ, ಯಾಕ ಕೈ ಹಚ್ತೀರಿ?"

ಈ ಉತ್ತರದೊಂದಿಗೆ ಈ ಅಧ್ಯಕ್ಷರ ಜಗಳ ಹಳೆಯದು. ಹಿಂದೊಮ್ಮೆ ಒಂದು ಸಂಸ್ಥೆಯ ಮೈಗ್ರೇಷನ್‌ಗೆ ಮೊದಲು ಕಾಲ ಮೀರಿದ ಫಂಕ್ಷನ್‌ಗಳ ಪಟ್ಟಿ ತಯಾರಾಗಿ ಸಭೆಯ ಮೇಜಿಗೆ ಬಂದಿತ್ತು. ಉದ್ಘಾಟನೆಯ ದಿನ ಗೊತ್ತಾಗಿದೆ, ಈಗ ಇದೆಲ್ಲ ಬೇಡ ಎಂದು ಪಟ್ಟಿಯನ್ನು ಬದಿಗಿಟ್ಟರು. ಹೊಸ ವ್ಯವಸ್ಥೆ ಗೋ-ಲೈವ್ ಆದ ತಿಂಗಳಲ್ಲೇ ಬಾಕಿಯ ರಿಪೋರ್ಟ್ ಬರಲಿಲ್ಲ. ಆಪರೇಟರ್‌ಗಳು ರಾತ್ರಿಯೆಲ್ಲ ಕೂತು ಕೈಯಲ್ಲಿ ಲೆಕ್ಕ ಬರೆದರು. ನೋಟಿಸ್ ಬಂದದ್ದು ಆ ಆಪರೇಟರ್‌ಗಳಿಗೆ. ಪಟ್ಟಿ ಬದಿಗಿಟ್ಟವರಿಗೆ ಸನ್ಮಾನವಾಯಿತು. ಈ ಅನ್ಯಾಯವನ್ನು ಮರೆಯಬೇಕೆಂದು ಸಲಹೆ ಕೊಟ್ಟವರುಂಟು. ಮರೆಯುವ ಮಾತಿಲ್ಲ.

ಈ ಸಮ್ಮೇಳನ ನಡೆಸುತ್ತಿರುವ ಸಂಘಟನೆಯ ಕಾರ್ಯಕಾರಿ ಸಮಿತಿಯಲ್ಲೂ ವಾದ ನಡೆದಿದೆ. ಮಾದರಿ ಟೆಂಡರ್ ಕರಡಿನಲ್ಲಿ ತಪಾಸಣೆಗೆ ಬೇರೆ ಹಣ, ಬೇರೆ ಅವಧಿ ಇರಬೇಕೆಂಬ ಕಲಮು ಇತ್ತು. ಅದು ವೆಂಡರ್‌ನ ಕೆಲಸ, ಸಂಸ್ಥೆಯದಲ್ಲ ಎಂದು ಕೆಲವು ಮಿತ್ರರು ಪಟ್ಟು ಹಿಡಿದು ತೆಗೆಸಿದರು. ಆ ಮಿತ್ರರಲ್ಲಿ ಹಲವರು ಇಂದು ಮುಂದಿನ ಸಾಲಿನಲ್ಲೇ ಇದ್ದಾರೆ. ಅವರ ಮೇಲೆ ಗೌರವವಿದೆ, ಅವರ ವಾದದ ಮೇಲಿಲ್ಲ. ಹೊಸ ವ್ಯವಸ್ಥೆ ಮಾರುವವನಿಗೆ ಹಳೆಯದರ ಒಳಗುಟ್ಟು ಗೊತ್ತಿರುವುದಿಲ್ಲ, ತಿಳಿದುಕೊಳ್ಳಲು ಸಮಯವನ್ನೂ ಕೊಡುವುದಿಲ್ಲ. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಸುಮಾರು 50 ಲಕ್ಷ ಗ್ರಾಹಕರನ್ನು ಒಂದೇ ಸಲಕ್ಕೆ ಹೊಸ ವ್ಯವಸ್ಥೆಗೆ ದಾಟಿಸಿತು. ವ್ಯವಸ್ಥೆ ಸಿದ್ಧವಾಗಿರಲಿಲ್ಲ. ಲಕ್ಷಾಂತರ ಜನರಿಗೆ ಖಾತೆಯೇ ತೆರೆಯಲಿಲ್ಲ. 2022ರ ಡಿಸೆಂಬರ್‌ನಲ್ಲಿ ನಿಯಂತ್ರಕರು 4.865 ಕೋಟಿ ಪೌಂಡ್ ದಂಡ ಹಾಕಿದರು. ದಂಡ ತೆತ್ತದ್ದು ಬ್ಯಾಂಕ್.

ಈಗ ಸಲಹೆಗಳು. ಟೆಂಡರ್ ಕರೆಯುವ 90 ದಿನ ಮೊದಲು ಫಂಕ್ಷನ್ ಪಟ್ಟಿ ಸಿದ್ಧವಾಗಬೇಕು. ಫಂಕ್ಷನ್‌ನ ಹೆಸರು, ಅದಿರುವ ಜಾಗ, ಕರೆಯುವವರು, ಕೊನೆಯ ಬಳಕೆಯ ದಿನ, ಬದಲಿ, ಜವಾಬ್ದಾರರು ಎಂಬ ಆರು ಕಾಲಂ ಅದರಲ್ಲಿರಬೇಕು. ಬಳಕೆಯ ಲಾಗ್ 13 ತಿಂಗಳದ್ದಿರಬೇಕು, ತೊಗರಿ ಹಂಗಾಮೂ ಮಾರ್ಚ್ 31ರೂ ಅದರೊಳಗೆ ಬರಬೇಕು. ಯೋಜನೆಯ ಒಟ್ಟು ವೆಚ್ಚದಲ್ಲಿ ನೂರಕ್ಕೆ ಎಂಟು ರೂಪಾಯಿ ತಪಾಸಣೆಗೇ ಮೀಸಲಿರಬೇಕು, ಬೇರೆಡೆ ತಿರುಗಿಸಬಾರದು. ಹಣ ಕೊಟ್ಟು ಬರೆಸಿದ ಸೋರ್ಸ್ ಕೋಡ್ ಸಂಸ್ಥೆಯ ಕೈಯಲ್ಲೇ ಇರಬೇಕು. ಹಳೆಯ ಮತ್ತು ಹೊಸ ವ್ಯವಸ್ಥೆಯಲ್ಲಿ ಒಂದೇ ತಿಂಗಳ ರಿಪೋರ್ಟ್ ತೆಗೆದು ಸಾಲು ಸಾಲಾಗಿ ಹೋಲಿಸದೆ ಯಾರೂ ಗೋ-ಲೈವ್‌ಗೆ ಸಹಿ ಹಾಕಬಾರದು. ನಿವೃತ್ತ ಆಪರೇಟರ್‌ಗಳನ್ನು ಗೌರವಧನ ಕೊಟ್ಟು ಕರೆಸಬೇಕು. ಯಾವ ಬಟನ್ ಯಾಕೆ ಇದೆಯೆಂಬುದು ಹಲವು ಕಚೇರಿಗಳಲ್ಲಿ ಅವರಿಗೆ ಮಾತ್ರ ಗೊತ್ತು.

ಪಿಡಿಎ ಎಂಜಿನಿಯರಿಂಗ್ ಕಾಲೇಜು, ಗುಲ್ಬರ್ಗ ವಿಶ್ವವಿದ್ಯಾಲಯ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಗಳ ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಪ್ರತಿವರ್ಷ ಅದೇ ಹಾಜರಾತಿ ಆ್ಯಪ್ ಬರೆಸುವ ಬದಲು, ಒಂದು ನಿಜವಾದ ಹಳೆಯ ವ್ಯವಸ್ಥೆಯ ತಪಾಸಣೆಯನ್ನು ಪ್ರಾಜೆಕ್ಟ್ ಆಗಿ ಕೊಡಬಹುದು. ಕಾಲ ಮೀರಿದ ಫಂಕ್ಷನ್‌ಗಳಿಗೆ ಬದಲಿ ಏನೆಂದು ಕನ್ನಡದಲ್ಲಿ ತಿಳಿಸುವ ಕೋಶವೊಂದು ಬರಬೇಕು. ಹುಮನಾಬಾದ್ ರಸ್ತೆಯಲ್ಲಿ, ಕಮಲಾಪುರದ ಹತ್ತಿರ, ಒಂದು ಪ್ರಾದೇಶಿಕ ಪರೀಕ್ಷಾ ಕೇಂದ್ರವಾಗಬೇಕು. ಹಳೆಯ ಫಾಕ್ಸ್‌ಪ್ರೊದಿಂದ ಹಿಡಿದು ಇಂದಿನವರೆಗಿನ ಪ್ರತಿ ಆವೃತ್ತಿಯೂ ಅಲ್ಲಿ ಚಾಲೂ ಇರಬೇಕು, ಬೀದರ್‌ನಿಂದ ಬಳ್ಳಾರಿವರೆಗಿನ ಯಾವ ಕಚೇರಿಯೂ ತನ್ನ ಕೋಡ್ ತಂದು ಓಡಿಸಿ ನೋಡುವಂತಿರಬೇಕು. ಸರ್ಕಾರ ಇದಕ್ಕೆ ಜಾಗ ಕೊಡುತ್ತದೆಯೇ, ಹಣ ಕೊಡುತ್ತದೆಯೇ ಎಂದು ಕೇಳುವವರಿಗೆ ಇವತ್ತು ಉತ್ತರವಿಲ್ಲ. ಆದರೂ ಕೇಂದ್ರ ಬೇಕು.

ಮಧ್ಯಾಹ್ನದ ಗೋಷ್ಠಿಯ ನಂತರ, ತೆಗೆದುಹಾಕಿದ ಆ ಟೆಂಡರ್ ಕಲಮನ್ನು ಮತ್ತೆ ಸೇರಿಸುವ ನಿರ್ಣಯ ಸಭೆಯ ಮುಂದೆ ಬರಲಿದೆ. ಕೈ ಎತ್ತಿಸಿ ಮತ ಎಣಿಸಲಾಗುವುದು. ವಿರೋಧವಿದ್ದವರು ಕಾರಣವನ್ನು ಬರೆದು ಸಹಿ ಹಾಕಿ ಕೊಡಬೇಕು. ಅದು ನಡಾವಳಿಯಲ್ಲಿ ದಾಖಲಾಗುತ್ತದೆ. ನಿರ್ಣಯ ಗೆದ್ದರೆ ಸೋಮವಾರವೇ ಅದರ ಪ್ರತಿ ಜಿಲ್ಲಾಧಿಕಾರಿಗಳ ಕಚೇರಿಗೂ ಕಮಲಾಪುರದ ತಹಶೀಲ್ದಾರ್ ಕಚೇರಿಗೂ ತಲುಪಬೇಕು. ಒಯ್ಯಲು ಸಿದ್ಧರಿರುವವರು ಊಟಕ್ಕೆ ಮೊದಲು ಕಾರ್ಯದರ್ಶಿಯವರ ಬಳಿ ಹೆಸರು ಬರೆಸಬೇಕು.