ಪತ್ರಿಕೆಯ ಒಡೆಯ ಯಾರು?

(ಕೈಲಾಂಚದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ಸರ್ಕಾರಿ ಎಂಜಿನಿಯರನಾಗಿದ್ದಾಗ ಟೆಂಡರ್ ಲಕೋಟೆ ಒಡೆಯುವುದು ನನ್ನ ಕೆಲಸಗಳಲ್ಲೊಂದು. ನಾಲ್ಕು ಹೆಸರಿನಲ್ಲಿ ನಾಲ್ಕು ಲಕೋಟೆ. ಕೆಲವೊಮ್ಮೆ ನಾಲ್ಕರ ಹಿಂದೆಯೂ ಒಬ್ಬನೇ ಆಸಾಮಿ. ಸುದ್ದಿಯ ವಿಷಯದಲ್ಲೂ ಇದೇ ಪ್ರಶ್ನೆ: ಮನೆಗೆ ಬರುವ ಇಷ್ಟೊಂದು ಪತ್ರಿಕೆ, ವಾಹಿನಿಗಳಿಗೆ ಒಡೆಯರು ಎಷ್ಟು ಜನ?

ವಿಜಯ ಸಂಕೇಶ್ವರರು 1999ರಲ್ಲಿ 'ವಿಜಯ ಕರ್ನಾಟಕ' ಆರಂಭಿಸಿದರು. 2006ರಲ್ಲಿ ಅದನ್ನು ಟೈಮ್ಸ್ ಸಮೂಹ ಕೊಂಡಿತು. ಪತ್ರಿಕೆಯ ಹೆಸರು ಅದೇ ಉಳಿಯಿತು. ಒಡೆತನ ಹುಬ್ಬಳ್ಳಿಯಿಂದ ಮುಂಬೈಗೆ ಹೋದದ್ದು ಹಳ್ಳಿಯ ಓದುಗನಿಗೆ ಹೇಗೆ ತಿಳಿಯಬೇಕು? ಸಂಕೇಶ್ವರರು 2012ರಲ್ಲಿ 'ವಿಜಯವಾಣಿ' ತಂದರು, ಇನ್ನೊಂದು ದನಿ ಸಿಕ್ಕಿತು, ನಿಜ. ಅಷ್ಟು ಬಂಡವಾಳ ಎಷ್ಟು ಜನರ ಬಳಿ ಇದೆ?

ನಮ್ಮ ರಾಮನಗರದ್ದೇ ಮಾತು. 2007ರಲ್ಲಿ ಕಸ್ತೂರಿ ವಾಹಿನಿ ಬಂದಾಗ ಅದು ಇಲ್ಲಿಯ ಶಾಸಕರಾಗಿದ್ದ ಕುಮಾರಸ್ವಾಮಿಯವರ ಕುಟುಂಬದ್ದೆಂದು ಎಲ್ಲರಿಗೂ ಗೊತ್ತಿತ್ತು. ರಾಜಕಾರಣಿಗಳ ಮನೆಯವರು ವಾಹಿನಿ ನಡೆಸುವುದು ನನಗೆ ಒಪ್ಪಿಗೆಯಿಲ್ಲ, ಯಾವ ಪಕ್ಷದವರಾದರೂ ಸರಿ. ಆದರೂ ಗೊತ್ತಿರುವ ಒಡೆಯ ಮೇಲು; ಕಳೆಯಬೇಕಾದ್ದನ್ನು ಕಳೆದು ನೋಡಬಹುದು.

1956ರ ನಿಯಮ ಪತ್ರಿಕೆಗಳಿಗೆ ಒಂದು ಕಟ್ಟುಪಾಡು ಹಾಕಿತ್ತು. ಫೆಬ್ರವರಿ ಮುಗಿದ ಮೇಲಿನ ಮೊದಲ ಸಂಚಿಕೆಯಲ್ಲಿ 'ನಮೂನೆ 4' ಅಚ್ಚಾಗಬೇಕಿತ್ತು. ಶೇಕಡಾ 1ಕ್ಕಿಂತ ಹೆಚ್ಚು ಬಂಡವಾಳ ಉಳ್ಳವರ ಹೆಸರು ಅದರಲ್ಲಿರಬೇಕಿತ್ತು. ಒಳ್ಳೆಯದೇ. ಆದರೆ ಆ ಪಾಲುದಾರ ಇನ್ನೊಂದು ಕಂಪನಿಯಾದರೆ? ಅದರ ಹಿಂದಿನವನು ಕಾಣುತ್ತಿರಲಿಲ್ಲ. ವಾಹಿನಿಗಳಂತೂ ಷೇರುದಾರರ ವಿವರವನ್ನು ಸರ್ಕಾರಕ್ಕೆ ಕೊಡುತ್ತವೆ, ಪರದೆಯ ಮೇಲೆ ನಮಗೆ ಹೇಳುವುದಿಲ್ಲ.

ಏಕಸ್ವಾಮ್ಯವನ್ನು ಅಳೆಯಲು ಸುಲಭದ ಲೆಕ್ಕವಿದೆ. ಪ್ರತಿಯೊಬ್ಬರ ಪಾಲಿನ ವರ್ಗ ಮಾಡಿ ಕೂಡಿಸಿ. ನಾಲ್ವರಿಗೆ ತಲಾ 25 ಪಾಲಿದ್ದರೆ ಮೊತ್ತ 2,500. ಒಬ್ಬನಿಗೇ 70, ಉಳಿದ ಮೂವರಿಗೆ ಹತ್ತತ್ತು ಎಂದರೆ 5,200. ಎರಡೂ ಕಡೆ ನಾಲ್ಕೇ ಪತ್ರಿಕೆ! 2014ರ ಆಗಸ್ಟ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಇದೇ ಲೆಕ್ಕವನ್ನು ಭಾಷಾವಾರು ಹಾಕಿ ಪತ್ರಿಕೆ, ಟಿ.ವಿ. ಎರಡರಲ್ಲೂ ಹಿಡಿತವುಳ್ಳವರಿಗೆ ಮಿತಿ ಹಾಕಿ ಎಂದು ಶಿಫಾರಸು ಮಾಡಿತು. ರಾಜಕೀಯ ಪಕ್ಷಗಳನ್ನು ಪ್ರಸಾರದಿಂದ ದೂರವಿಡಿ ಎಂದೂ ಹೇಳಿತು. ಕಾನೂನಾಗಲಿಲ್ಲ. ಮಿತಿ ಹಾಕಬೇಕಾದವರಿಗೆ ಪ್ರಚಾರ ಬೇಕಲ್ಲ!

ಮಠಗಳ ಪತ್ರಿಕೆಗಳೂ ಇದಕ್ಕೆ ಹೊರತಲ್ಲ. ಅಚ್ಚಿನ ಖರ್ಚು ಯಾರು ಕೊಟ್ಟರು, ದೊಡ್ಡ ಜಾಹೀರಾತು ಯಾರದು ಎಂಬುದನ್ನು ವರ್ಷಕ್ಕೊಮ್ಮೆ ಮೊದಲ ಪುಟದಲ್ಲಿ ಹಾಕಿಸಬೇಕೆಂದು ಪೂಜ್ಯರ ಎದುರಿಗೇ ಬೇಡುತ್ತೇನೆ. ದಾಸೋಹದ ದಾನಿಗಳ ಹೆಸರನ್ನು ಹಲಗೆಯ ಮೇಲೆ ಬರೆಯುತ್ತೇವೆ. ಪತ್ರಿಕೆಯ ದಾನಿಗಳ ಹೆಸರೂ ಅದರ ಪಕ್ಕಕ್ಕೆ ಬರಲಿ.