ಓದಿ ಸಹಿ ಮಾಡ್ರಿ

ಹಿಂದಿನ ಸಾಲುಗಳಲ್ಲಿ ಸೆರಗು ಹೊದ್ದು ಕೂತಿರುವ ತಾಯಂದಿರೇ, ಪದವಿ ಪಡೆಯುತ್ತಿರುವ ಮಕ್ಕಳೇ,

ನಿಮಗೆಲ್ಲ ಅಭಿನಂದನೆ. ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬಂದು ಓದಿದ್ದೀರಿ. ಆ ಕಷ್ಟ ನಿಮಗೂ ನಿಮ್ಮ ಮನೆಯವರಿಗೂ ಗೊತ್ತು, ನಾನು ಬಣ್ಣಿಸುವುದು ಬೇಡ.

ನಾನು ನೋಂದಣಿ ಇಲಾಖೆಗೆ ಗುಮಾಸ್ತಳಾಗಿ ಸೇರಿ, ಉಪನೋಂದಣಾಧಿಕಾರಿಯಾಗಿ ನಿವೃತ್ತಳಾದವಳು. ಖರೀದಿ, ವಾಟ್ನಿ, ಮೃತ್ಯುಪತ್ರ, ಎಲ್ಲ ಕೈಯಾಡಿಸಿದ್ದೇನೆ. ನಿದ್ದೆಗೆಡಿಸಿದ್ದು ಮಾತ್ರ ಹಕ್ಕುಬಿಡುಗಡೆ ಪತ್ರ. ಆಸ್ತಿ ಅಣ್ಣತಮ್ಮಂದಿರ ಹೆಸರಿಗೆ ಆಗಬೇಕಾದಾಗ ಅಕ್ಕತಂಗಿಯರನ್ನು ಗಂಡನ ಮನೆಯಿಂದ ಕರೆಸುತ್ತಾರೆ. ಕಂಕುಳಲ್ಲಿ ಕೂಸು, ಕೈಯಲ್ಲಿ ಚೀಲ. ಪತ್ರ ಬರೆದುಕೊಟ್ಟಿದ್ದು ಹೌದೇನು ಎಂದು ಅಧಿಕಾರಿ ಕೇಳಲೇಬೇಕು, 1908ರ ನೋಂದಣಿ ಕಾಯ್ದೆಯಲ್ಲೇ ಅದು ಇದೆ. ನಾನು ಇನ್ನೊಂದು ಮಾತು ಸೇರಿಸುತ್ತಿದ್ದೆ: “ಓದೀಯೇನವ್ವಾ?” ಆಕೆ ನನ್ನ ಕಡೆ ನೋಡುತ್ತಿರಲಿಲ್ಲ. ಅಣ್ಣನ ಮುಖ ನೋಡುತ್ತಿದ್ದಳು. ಬಿ.ಎ. ಮುಗಿಸಿದವಳೂ ಅಷ್ಟೇ, ಹೆಬ್ಬೆಟ್ಟಿನವಳೂ ಅಷ್ಟೇ.

ಕಾಯ್ದೆ ಇಲ್ಲ ಅಂತಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿ 1994ರ ಜುಲೈ 30ಕ್ಕೆ ಜಾರಿಗೆ ಬಂತು. ಅಷ್ಟರೊಳಗೆ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಪಾಲು. 2005ರಲ್ಲಿ ಕೇಂದ್ರದ ತಿದ್ದುಪಡಿ ಮದುವೆಯಾದವರಿಗೂ ಕೊಟ್ಟಿತು. ಆ ವೇಳೆಗೆ ತಂದೆ ಬದುಕಿರಲೇಬೇಕು ಅಂತೇನಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಕಾಯ್ದೆ ಬಲ್ಲ ನಾನು ಮಾಡಿದ್ದೇನು? ನನ್ನ ಮದುವೆ 1995ರಲ್ಲಿ. ಮರುವರ್ಷ ತವರಿನವರು ಹಕ್ಕುಬಿಡುಗಡೆ ಪತ್ರ ಮುಂದಿಟ್ಟರು, ಸಹಿ ಹಾಕಿದೆ. ದಿನಾ ಮಂದಿಯ ಪತ್ರ ಓದುವವಳು ನನ್ನ ಪತ್ರ ಓದಲಿಲ್ಲ. ಕೇಳಿದರೆ ತವರು ತಪ್ಪೀತು ಎಂಬ ಅಂಜಿಕೆ. ಅಣ್ಣ ಒಳ್ಳೆಯವ, ಇವತ್ತಿಗೂ ಪಂಚಮಿಗೆ ಕರೆಯಲು ಬರುತ್ತಾನೆ. ಎರಿ ಹೊಲ ಹೋಯಿತೆಂಬ ದುಃಖ ನನಗಿಲ್ಲ. “ತಡಿಯಣ್ಣಾ, ಓದತೀನಿ” ಎಂಬ ಎರಡು ಮಾತು ಬಾಯಿಂದ ಹೊರಡಲಿಲ್ಲವಲ್ಲ, ಅದು ಇನ್ನೂ ಚುಚ್ಚುತ್ತದೆ.

ಆ ಮಾತು ಹೊರಡಲಿ ಎಂದೇ ನನ್ನನ್ನು ತಯಾರು ಮಾಡಿದವರೊಬ್ಬರಿದ್ದರು. ಲಕ್ಷ್ಮೇಶ್ವರದಲ್ಲಿ ನಮಗೆ ಕಲಿಸಿದ ಅಕ್ಕೋರು. ಅಂಚೆ ಕಚೇರಿಗೆ ಹೋಗಿ ಇನ್‌ಲ್ಯಾಂಡ್ ಪತ್ರ ತರಲು ಹೆಣ್ಣುಮಕ್ಕಳನ್ನೇ ಕಳಿಸುತ್ತಿದ್ದರು. ಮೊದಲ ಸಲ ಹೋದಾಗ ಕಟ್ಟಿಗೆಯ ಕೌಂಟರ್ ನನ್ನ ತಲೆಗಿಂತ ಎತ್ತರ. ಮುಷ್ಟಿಯಲ್ಲಿ ಬೆವೆತ ಚಿಲ್ಲರೆ, ಮೂಗಿಗೆ ಅಂಟಿನ ವಾಸನೆ. ದೊಡ್ಡವರ ಮೊಣಕೈಗಳ ಕೆಳಗೆ ನಿಂತು ನಿಂತು, ಬಾಯಿ ಬಿಡದೆ ವಾಪಸು ಬಂದೆ. ಅಕ್ಕೋರು ಬೈಯಲಿಲ್ಲ, ಬೇರೆಯವರನ್ನೂ ಕಳಿಸಲಿಲ್ಲ. “ಹೊಳ್ಳಿ ಹೋಗು” ಎಂದರು. ಮೂರನೆಯ ಸಲ ನಾನು ಎಷ್ಟು ಜೋರಾಗಿ ಕೂಗಿದೆನೆಂದರೆ ಸಾಲಿನಲ್ಲಿದ್ದವರೆಲ್ಲ ಹೊರಳಿ ನೋಡಿದರು. ಹೆಸರು ಕೇಳಿದರೆ ಇಂಥವರ ಮಗಳು ಅನ್ನಬೇಡ, ನಿನ್ನ ಹೆಸರು ಮೊದಲು ಹೇಳು ಎಂದು ತಿದ್ದಿದವರೂ ಅವರೇ.

ಒಮ್ಮೆ ಅಕ್ಕೋರು ನಮ್ಮನ್ನು ಲಕ್ಕುಂಡಿಗೆ ಕರೆದುಕೊಂಡು ಹೋಗಿ, ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯ ತೋರಿಸಿದರು. ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದವಳು, ರನ್ನನಿಂದ ಅಜಿತಪುರಾಣ ಬರೆಸಿದವಳು. ದಾನಚಿಂತಾಮಣಿ ಎಂದೇ ಹೆಸರು. ಕೊಡುವುದು ದೊಡ್ಡದೇ. ಅಣ್ಣನಿಗೆ ಕೊಡಬೇಕೆನಿಸಿದರೆ ಕೊಡಿ. ಆದರೆ ಅತ್ತಿಮಬ್ಬೆ ತನ್ನದು ಎಷ್ಟಿದೆ ಎಂದು ತಿಳಿದು ಕೊಟ್ಟಳು. ನಮ್ಮ ಹೆಣ್ಣುಮಕ್ಕಳು ತಮ್ಮದು ಎಷ್ಟಿತ್ತೆಂದು ತಿಳಿಯದೆಯೇ ಬಿಟ್ಟುಕೊಡುತ್ತಾರೆ.

ಈಗಿನ ನಿಮ್ಮ ಮೇಲೆ ನನಗೆ ಸಿಟ್ಟೂ ಇದೆ. ಫೋನಿನಲ್ಲಿ ಷರತ್ತು ಬಂದರೆ ಓದದೆ ‘ಒಪ್ಪಿದೆ’ ಒತ್ತುತ್ತೀರಿ. 2023ರಲ್ಲಿ ನೋಂದಣಿಗೆ ಕಾವೇರಿ-2 ತಂತ್ರಾಂಶ ಬಂದು, ಪತ್ರದ ವಿವರವನ್ನೆಲ್ಲ ಮೊದಲೇ ಕಂಪ್ಯೂಟರಿನಲ್ಲಿ ತುಂಬುತ್ತಾರೆ. ಕಚೇರಿಯಲ್ಲಿ ಫೋಟೊ, ಹೆಬ್ಬೆಟ್ಟು, ಮುಗೀತು. ಓದಲು ಸಿಗುತ್ತಿದ್ದ ಹೊತ್ತೂ ಹೋಯಿತು. ಅದೇ ವರ್ಷದ ಜೂನ್‌ನಿಂದ ಸರ್ಕಾರಿ ಬಸ್ಸು ಹೆಣ್ಣುಮಕ್ಕಳಿಗೆ ಪುಕ್ಕಟೆ; ಬಹಳ ಒಳ್ಳೆಯದಾಯಿತು. ಓಡಾಟಕ್ಕೆ ಯಾರ ಮುಂದೆಯೂ ಕೈಚಾಚಬೇಕಿಲ್ಲ. ಆದರೆ ನಿಮ್ಮ ಬ್ಯಾಂಕ್ ಖಾತೆಗೆ ಜೋಡಿಸಿದ ಮೊಬೈಲ್ ನಂಬರ್ ಯಾರದು? ಓಟಿಪಿ ಅಣ್ಣನ ಫೋನಿಗೆ ಬರುತ್ತಿದ್ದರೆ ಖಾತೆ ನಿಮ್ಮದು ಹೇಗಾಯಿತು? ಬರುವ ಸೋಮವಾರ ಬ್ಯಾಂಕಿಗೆ ಹೋಗಿ ಬದಲಿಸಿ. ಅವ್ವನ ಗೃಹಲಕ್ಷ್ಮಿ ಖಾತೆಯನ್ನೂ ವಿಚಾರಿಸಿ.

ತಂದೆತಾಯಂದಿರೇ, ಮಗಳ ಅರ್ಜಿಯನ್ನು ಮಗನ ಕೈಯಲ್ಲಿ ತುಂಬಿಸಬೇಡಿ. ತಪ್ಪು ಬರೆಯಲಿ, ಇನ್ನೊಂದು ಅರ್ಜಿ ತರಲಿ. ಗೊಬ್ಬರದಂಗಡಿಗೆ, ಪಂಚಾಯಿತಿಗೆ ಒಬ್ಬಳೇ ಹೋಗಿ ಬರಲಿ. ರಾತ್ರಿ ರೊಟ್ಟಿ ತಿನ್ನುತ್ತ ಹೊಲದ ಮಾತು ಎತ್ತಿದಾಗ ಮಗಳನ್ನು ನೀರು ತರಲು ಎಬ್ಬಿಸಬೇಡಿ, ಉತಾರ ಆಕೆಯ ಕೈಗೆ ಕೊಡಿ. ಸರ್ವೆ ನಂಬರು, ಎಕರೆ, ಗುಂಟೆ, ಮೇಲಿರುವ ಸಾಲ, ಎಲ್ಲ ಗಟ್ಟಿಯಾಗಿ ಓದಲಿ. ಆಕೆ ಮಾತು ಶುರು ಮಾಡಿದಾಗ ನಡುವೆ ಬಾಯಿ ಹಾಕದೆ ಕೇಳಿ. ತಮ್ಮಂದಿರಿಗೂ ಹೇಳುತ್ತೇನೆ: ಅಕ್ಕ ನಿಮ್ಮ ಮುಖ ನೋಡಿದರೆ, “ನೀ ಓದಕ್ಕಾ, ನಾ ಕಾಯ್ತೀನಿ” ಅನ್ನಿ.

ಇನ್ನು ಸ್ವಲ್ಪ ಹೊತ್ತಿಗೆ ಆ ಮೇಜಿನ ಹತ್ತಿರ ಪ್ರಮಾಣಪತ್ರ ಕೊಡುತ್ತಾರೆ, ರಿಜಿಸ್ಟರಿನಲ್ಲಿ ಸಹಿ ಕೇಳುತ್ತಾರೆ. ಹೆಸರು, ತಂದೆತಾಯಿಯ ಹೆಸರು, ಅಂಕ, ಎಲ್ಲ ಸರಿ ಇವೆಯೇ, ಓದಿ ನೋಡಿ. ಹಿಂದಿನವರು ಅವಸರ ಮಾಡಿದರೆ ಮಾಡಲಿ, ನಾನು ಅಲ್ಲೇ ನಿಂತಿರುತ್ತೇನೆ.