ಹೃದಯ ನಿಂತಿರುವಾಗ ಮಿದುಳಿನ ಕಾವಲು



ಮಿದುಳಿನ ತೂಕ ದೇಹದ ತೂಕದಲ್ಲಿ ಶೇ. 2ರಷ್ಟು. ಆದರೆ ಸುಮ್ಮನೆ ಮಲಗಿರುವ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇ. 20 ಅದಕ್ಕೇ ಬೇಕು. ನಾಳೆಗೆಂದು ಅದು ಏನನ್ನೂ ಕೂಡಿಡುವುದಿಲ್ಲ. ರಕ್ತ ನಿಂತರೆ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಪ್ರಜ್ಞೆ ತಪ್ಪುತ್ತದೆ. ನಾಲ್ಕೈದು ನಿಮಿಷ ದಾಟಿದರೆ ಮಿದುಳಿಗೆ ಶಾಶ್ವತ ಪೆಟ್ಟು ಬೀಳತೊಡಗುತ್ತದೆ. ಹೃದಯವನ್ನು ತೆರೆದು ಸರಿಪಡಿಸುವ ದಾರಿಗೆ ಬಹುಕಾಲ ಅಡ್ಡ ನಿಂತದ್ದು ಇದೇ ನಾಲ್ಕೈದು ನಿಮಿಷ.

ಟೊರಾಂಟೊದ ಸರ್ಜನ್ ವಿಲ್ಫ್ರೆಡ್ ಬಿಗೆಲೋ ತಣ್ಣಗಾದ ದೇಹಕ್ಕೆ ಆಮ್ಲಜನಕ ಕಡಿಮೆ ಸಾಕೆಂದು ನಾಯಿಗಳ ಮೇಲಿನ ಪ್ರಯೋಗಗಳಲ್ಲಿ ತೋರಿಸಿದರು. 1952ರ ಸೆಪ್ಟೆಂಬರ್ 2ರಂದು ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಎಫ್. ಜಾನ್ ಲೂಯಿಸ್ ಮತ್ತು ಸಂಗಡಿಗರು 5 ವರ್ಷದ ಬಾಲಕಿಯ ಮೈಯನ್ನು ಸುಮಾರು 28 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿದರು. ಹೃದಯಕ್ಕೆ ಬರುವ ರಕ್ತವನ್ನು ತಡೆದು, ಐದೂವರೆ ನಿಮಿಷದಲ್ಲಿ ಒಳಗಿನ ರಂಧ್ರ ಹೊಲಿದರು. ಮಗು ಬದುಕಿತು. ಮರುವರ್ಷ ಫಿಲಡೆಲ್ಫಿಯಾದಲ್ಲಿ ಹೃದಯ, ಶ್ವಾಸಕೋಶಗಳ ಕೆಲಸವನ್ನು ತಾನೇ ಮಾಡುವ ಜಾನ್ ಗಿಬ್ಬನ್ ಅವರ ಹಾರ್ಟ್-ಲಂಗ್ ಯಂತ್ರ ಶಸ್ತ್ರಚಿಕಿತ್ಸೆಯ ಮೇಜಿನ ಪಕ್ಕ ಬಂತು.

ಯಂತ್ರ ಬಂದ ಮೇಲೂ ಒಂದು ಕಡೆ ತೊಡಕು ಉಳಿಯಿತು. ಮಿದುಳಿಗೆ ಹೋಗುವ ಧಮನಿಗಳು ಕವಲೊಡೆಯುವುದೇ ಮಹಾಪಧಮನಿಯ ಕಮಾನಿನಿಂದ. ಅದನ್ನೇ ಬದಲಿಸಬೇಕಾದಾಗ ರಕ್ತ ಕಳಿಸುವುದೆಲ್ಲಿಂದ? 1975ರಲ್ಲಿ ರ್‍ಯಾಂಡಲ್ ಗ್ರೀಪ್ ಮತ್ತು ಸಂಗಡಿಗರು, ದೇಹವನ್ನು ಆಳವಾಗಿ ತಂಪಾಗಿಸಿ ರಕ್ತಸಂಚಾರವನ್ನೇ ನಿಲ್ಲಿಸಿ ಕಮಾನು ಬದಲಿಸಿದ ಅನುಭವವನ್ನು ಪ್ರಕಟಿಸಿದರು. 18 ಡಿಗ್ರಿಯ ಆಸುಪಾಸಿನಲ್ಲೂ ಸಿಗುವ ಬಿಡುವು ಅರ್ಧ ಗಂಟೆಯಷ್ಟೇ. ಹಾಗಾಗಿ ಈಗ ಅನೇಕ ತಂಡಗಳು ಬಲ ಕಂಕುಳಿನ ಧಮನಿಯ ಮೂಲಕ ಮಿದುಳಿಗೆ ಮಾತ್ರ ತಂಪು ರಕ್ತ ಹರಿಸುತ್ತವೆ. ಹಣೆಗೆ ಅಂಟಿಸಿದ ಸೆನ್ಸರ್ ಮಿದುಳಿನ ಆಮ್ಲಜನಕದ ಮಟ್ಟ ಹೇಳುತ್ತಿರುತ್ತದೆ.

ಆ ಅಂಕಿ ಕುಸಿದರೆ ಕೊಳವೆ ಜರುಗಿದೆಯೇ, ರಕ್ತದೊತ್ತಡ ಸಾಲದೇ, ಹಿಮೋಗ್ಲೋಬಿನ್ ಇಳಿದಿದೆಯೇ ಎಂದು ತಕ್ಷಣ ನೋಡಬೇಕು. ಮೊದಲು ಕಂಡವರು ಕಿರಿಯರಾದರೂ ಗಟ್ಟಿಯಾಗಿ ಹೇಳಬೇಕು. ಕೆಲಸ ಮುಗಿಯುತ್ತ ಬಂದಾಗ ದೇಹವನ್ನು ಬೆಚ್ಚಗಾಗಿಸುವ ಅವಸರವೂ ಅಪಾಯಕಾರಿ: ಯಂತ್ರದಿಂದ ಹೊರಡುವ ರಕ್ತ 37 ಡಿಗ್ರಿ ಮೀರಿದರೆ ಮಿದುಳು ಕಾದುಬಿಡುತ್ತದೆ.

ಬಾಸ್ಟನ್‌ನ ಮಕ್ಕಳ ಆಸ್ಪತ್ರೆಯ ತಂಡವೊಂದು ಇನ್ನೂ ಮುಂದೆ ನೋಡಿತು. ಮಹಾಧಮನಿಗಳು ಅದಲುಬದಲಾಗಿ ಹುಟ್ಟಿದ 171 ಶಿಶುಗಳಲ್ಲಿ, ಆಳವಾದ ತಂಪಿನಲ್ಲಿ ರಕ್ತಸಂಚಾರ ನಿಲ್ಲಿಸುವ ವಿಧಾನವನ್ನು ಅಲ್ಪ ಹರಿವು ಉಳಿಸುವ ವಿಧಾನದೊಂದಿಗೆ ಹೋಲಿಸಿ 1993ರಲ್ಲಿ ವರದಿ ಮಾಡಿತು. ಸಂಚಾರ ನಿಲ್ಲಿಸಿದ ಗುಂಪಿನಲ್ಲಿ ಸೆಳವು ಹೆಚ್ಚಿತ್ತು. ತಂಡ ಅಲ್ಲಿಗೇ ನಿಲ್ಲಲಿಲ್ಲ. 1, 8, 16ನೇ ವಯಸ್ಸಿನಲ್ಲಿ ಆ ಮಕ್ಕಳನ್ನು ಮತ್ತೆ ಪರೀಕ್ಷಿಸಿತು. ಎಂಟರ ಹೊತ್ತಿಗೆ ಎರಡೂ ಗುಂಪುಗಳ ಹಲವರಲ್ಲಿ ಗಮನ, ಮಾತು, ಕಲಿಕೆಯ ತೊಂದರೆಗಳು ಕಂಡವು. ಹೃದಯ ಚೆನ್ನಾಗಿತ್ತು, ಶಾಲೆಯಲ್ಲಿ ಮಾತ್ರ ಮಗು ಏಗುತ್ತಿತ್ತು.

ಇಂದು ಪದವಿ ಪಡೆಯುತ್ತಿರುವ ವೈದ್ಯರು, ಪರ್ಫ್ಯೂಷನಿಸ್ಟರು, ನರ್ಸಿಂಗ್ ಪದವೀಧರರು ನಾಳೆ ಬರೆಯುವ ಡಿಸ್ಚಾರ್ಜ್ ಪತ್ರದಲ್ಲಿ ಮುಂದಿನ ಎಕೋ ಪರೀಕ್ಷೆಯ ದಿನಾಂಕ ಇದ್ದೇ ಇರುತ್ತದೆ. ಅದರ ಕೆಳಗಿನ ಸಾಲಿನಲ್ಲಿ ಮಗುವಿನ ಮಾತು, ನಡಿಗೆ, ಕಲಿಕೆಯ ತಪಾಸಣೆಯ ದಿನಾಂಕವನ್ನೂ ಅವರು ಬರೆಯಲಿ, ಅಪ್ಪ-ಅಮ್ಮನಿಗೆ ಅದೇಕೆಂದು ಕೂತು ವಿವರಿಸಲಿ ಎಂಬುದೇ ಈ ಸಭೆಯ ಕೋರಿಕೆ.